ಲಾಟರಿಗೆ ಹೆಸರು ಬರೆಸುವ ಮುಂಚೆ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಗಂಡನಿಗೆ ಇಲ್ಲೇ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಸಂಶೋಧನೆಯ ಕೆಲಸ. ಬಂದು ನಾಲ್ಕು ತಿಂಗಳಾಗಿದೆ. ಮಗಳು ಬರುವ ಸೆಪ್ಟೆಂಬರಿಗೆ ಐದನೇ ಕ್ಲಾಸು. "ಅಕ್ಕಾ, ಚಾರ್ಟರ್ ಸ್ಕೂಲ್ ಅಂತಾರಲ್ಲ, ಅಲ್ಲಿಗೆ ಹಾಕಬಹುದಾ? ಫೀಸೇ ಇಲ್ವಂತೆ, ರಿಸಲ್ಟೂ ಚೆನ್ನಾಗಿದೆಯಂತೆ. ಏನೋ ಒಳಗುಟ್ಟು ಇರಬೇಕಲ್ವಾ?"

ನನ್ನ ಮಗ ಇಂಥದೇ ಒಂದು ಶಾಲೆಯಲ್ಲಿ ಐದು ವರ್ಷ ಓದಿದ. ಹಾಗಾಗಿ ಫೋನಿನಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ. "ಮನೆಗೆ ಬಾ, ಕೂತು ಮಾತಾಡೋಣ" ಅಂದೆ.

ಊರಲ್ಲಿರುವವರಿಗೆ ಅರ್ಥವಾಗಬೇಕೆಂದರೆ ನಮ್ಮ ಅನುದಾನಿತ ಶಾಲೆಗಳನ್ನು ನೆನಪಿಸಿಕೊಳ್ಳಿ. ದುಡ್ಡು ಸರ್ಕಾರದ್ದು, ನಡೆಸುವುದು ಬೇರೆ ಆಡಳಿತ ಮಂಡಳಿ. ಆದರೆ ಇಲ್ಲಿ ಡೊನೇಷನ್ ಇಲ್ಲ, ಪ್ರವೇಶ ಪರೀಕ್ಷೆ ಇಲ್ಲ, ಅಪ್ಪ ಅಮ್ಮನ ಇಂಟರ್‌ವ್ಯೂ ಇಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತುತ್ತಾರೆ, ನಮ್ಮ ಕಡೆ ಆರ್‌ಟಿಇ ಸೀಟಿಗೆ ಎತ್ತುವ ಹಾಗೆ. ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ ಮೊದಲ ಆದ್ಯತೆ. ಆಮೇಲೆ ಊರಿನ ಮಕ್ಕಳು. ಇಡೀ ಅಮೆರಿಕದಲ್ಲಿ ಇಂಥ ಶಾಲೆಗೆ ಮೊಟ್ಟಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ಬಾಸ್ಟನ್ ಇರುವ ನಮ್ಮ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1993ರಲ್ಲಿ ಕಾನೂನು ಬಂತು, 1995ರಲ್ಲಿ ಮೊದಲ ಶಾಲೆಗಳು ಬಾಗಿಲು ತೆರೆದವು. ಐದು ವರ್ಷಕ್ಕೊಮ್ಮೆ ಪರವಾನಗಿ ನವೀಕರಿಸಬೇಕು. ಶಾಲೆ ಸರಿಯಾಗಿ ನಡೆಯದಿದ್ದರೆ ರಾಜ್ಯದವರು ಮುಚ್ಚಿಸಬಹುದು.

ಈ ಕಡೆ ಬರುವ ನಮ್ಮವರಲ್ಲಿ ಬಹಳಷ್ಟು ಜನ ಶ್ರೂಸ್‌ಬರಿ, ವೆಸ್ಟ್‌ಬರೋ, ಆಕ್ಟನ್, ಲೆಕ್ಸಿಂಗ್ಟನ್ ಅಂತ ಊರಾಚೆ ಹೋಗಿಬಿಡುತ್ತಾರೆ. ಅಲ್ಲಿ ಮನೆ ತೆಗೆದುಕೊಂಡರೆ ಆ ಊರಿನ ಒಳ್ಳೆಯ ಸರ್ಕಾರಿ ಶಾಲೆಯೂ ತೆಗೆದುಕೊಂಡ ಹಾಗೆ. ಸಂಶೋಧಕನ ಸಂಬಳದಲ್ಲಿ ಬಾಡಿಗೆ ಕಟ್ಟಿಕೊಂಡು ಪಟ್ಟಣದೊಳಗೇ ಇರುವವರಿಗೆ ಆ ದಾರಿ ಇಲ್ಲ. ಚಾರ್ಟರ್ ಶಾಲೆಯ ಮಾತು ಬರುವುದು ಇಂಥ ಮನೆಗಳಲ್ಲೇ.

ರಿಸಲ್ಟಿನ ಮಾತು ಸುಳ್ಳಲ್ಲ. ಇಲ್ಲಿನ ಎಂಐಟಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಜೋಶುವಾ ಆಂಗ್ರಿಸ್ಟ್, ಪರಾಗ್ ಪಾಠಕ್ ಮತ್ತು ಅವರ ಜೊತೆಗಾರರು ಬಾಸ್ಟನ್ನಿನ ಲಾಟರಿಯನ್ನೇ ಹಿಡಿದುಕೊಂಡು ಅಧ್ಯಯನ ಮಾಡಿದ್ದಾರೆ. ಲಾಟರಿಯಲ್ಲಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದರು. ಇಬ್ಬರ ಮನೆಯವರೂ ಅರ್ಜಿ ಹಾಕಿದವರೇ, ನಡುವೆ ಇರುವುದು ಅದೃಷ್ಟ ಮಾತ್ರ. ಸೀಟು ಸಿಕ್ಕ ಮಕ್ಕಳು ಚೆನ್ನಾಗಿಯೇ ಮುಂದೆ ಬಂದಿದ್ದರು, ಗಣಿತದಲ್ಲಂತೂ ಎದ್ದು ಕಾಣುವಷ್ಟು. ಇದೇ ರಾಜ್ಯದ ಊರಾಚೆಯ ಚಾರ್ಟರ್ ಶಾಲೆಗಳಲ್ಲಿ ಅಂಥ ಲಾಭ ಕಾಣಲಿಲ್ಲ. ಪಟ್ಟಣದ ಶಾಲೆಗಳಲ್ಲಿ ಕಂಡದ್ದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಅಲ್ಲಿನ ಕಟ್ಟುನಿಟ್ಟು: ಯೂನಿಫಾರ್ಮು, ಉದ್ದನೆಯ ದಿನ, ಸಣ್ಣ ತಪ್ಪಿಗೂ ಲೆಕ್ಕ.

ಅದು ಸರಾಸರಿಯ ಮಾತು. ಮಗು ಹೋಗುವುದು ಒಂದು ಶಾಲೆಗೆ, ಸರಾಸರಿಗಲ್ಲ. ಆ ಶಾಲೆಯನ್ನು ಹೋಗಿ ನೋಡಬೇಕು. ಶಾಲೆಯವರೇ ಎಲ್ಲರನ್ನೂ ಕರೆದು ತೋರಿಸುವ ಓಪನ್ ಹೌಸ್ ದಿನ ಮಾತ್ರ ಬೇಡ ಅಂತ ಇವಳಿಗೆ ಹೇಳಿದೆ. ಅವತ್ತು ಗೋಡೆಗೆಲ್ಲ ಕಾಲೇಜುಗಳ ಬಾವುಟ, ಮಾತಾಡುವುದಕ್ಕೆ ಆರಿಸಿದ ಮಕ್ಕಳು. ಮೊದಲೇ ಕೇಳಿಕೊಂಡು ಮಾಮೂಲಿ ದಿನ ಹೋಗಬೇಕು.

ಹಾಗೇ ಒಂದು ಮಂಗಳವಾರ ಮೂವರೂ ಹೋದೆವು. ಹಳೇ ಕ್ಯಾಥೊಲಿಕ್ ಶಾಲೆಯ ಇಟ್ಟಿಗೆ ಕಟ್ಟಡ. ಈ ಊರಲ್ಲಿ ಎಷ್ಟೋ ಚಾರ್ಟರ್ ಶಾಲೆಗಳು ಇಂಥ ಕಟ್ಟಡಗಳಲ್ಲೇ ಇವೆ. ಆಟದ ಬಯಲು ಅಂತ ಇಲ್ಲ, ಕಾರು ನಿಲ್ಲಿಸುವ ಜಾಗದಲ್ಲೇ ಮಕ್ಕಳ ಆಟ. ಒಳಗೆ ಕಾರಿಡಾರಿನ ನೆಲಕ್ಕೆ ಟೇಪು ಅಂಟಿಸಿದ್ದರು. ಮಕ್ಕಳು ಆ ಗೆರೆ ಹಿಡಿದು ಸದ್ದಿಲ್ಲದೆ ನಡೆಯುತ್ತಿದ್ದರು.

ಐದನೇ ಕ್ಲಾಸಿನ ಹಿಂದೆ ಕೂತೆವು. ಗಣಿತದ ಪಾಠ. ಒಬ್ಬ ಹುಡುಗನ ಪೆನ್ಸಿಲ್ ಉರುಳಿ ಕೆಳಗೆ ಬಿತ್ತು. ಅವನು ಬಗ್ಗಲಿಲ್ಲ. ಕೈ ಎತ್ತಿ ಎರಡು ಬೆರಳು ತೋರಿಸಿದ. ಮೇಡಂ ಬೋರ್ಡಿನಿಂದ ತಿರುಗಿ, ನೋಡಿ, ತಲೆ ಆಡಿಸಿದ ಮೇಲೆ ಎತ್ತಿಕೊಂಡ. ನನ್ನ ಪಕ್ಕದಲ್ಲಿ ಇವಳ ಮಗಳು ಅವನನ್ನೇ ನೋಡುತ್ತಿದ್ದಳು.

ಅದೇ ಕ್ಲಾಸಿನಲ್ಲಿ, ಐದೇ ನಿಮಿಷದ ಮೇಲೆ, 3/4ಕ್ಕೆ 1/8 ಕೂಡಿಸಿ ಅಂದರು. ಒಂದು ಹುಡುಗಿ 4/12 ಅಂದಳು. ಮೇಡಂ ತಪ್ಪು ಅನ್ನಲಿಲ್ಲ. ಉದ್ದನೆಯ ಪಟ್ಟಿ ಬರೆದು, ಮುಕ್ಕಾಲು ಭಾಗಕ್ಕೆ ಬಣ್ಣ ಬಳಿದು, "ನಿನ್ನ 4/12 ಇದರಲ್ಲಿ ಎಲ್ಲಿಗೆ ಬರುತ್ತೆ, ತೋರಿಸು" ಅಂದರು. ಅವಳು ಎದ್ದು ಹೋದಳು. ಮೂರನೇ ಒಂದು ಭಾಗದ ಹತ್ತಿರ ಬೆರಳಿಟ್ಟಳು. ಇಟ್ಟು ನಿಂತೇಬಿಟ್ಟಳು. "ಕೂಡಿಸಿದ ಮೇಲೆ ಕಮ್ಮಿ ಆಯ್ತಲ್ಲ" ಅಂತ ತಾನೇ ಹೇಳಿ, ಎಂಟು ಭಾಗ ಮಾಡಿ, ಏಳು ಎಣಿಸಿದಳು. ಅಷ್ಟು ಹೊತ್ತೂ ಕ್ಲಾಸಿನಲ್ಲಿ ಒಬ್ಬರೂ ಕಿಸಕ್ ಅನ್ನಲಿಲ್ಲ. ತಪ್ಪಿದವರನ್ನು ನೋಡಿ ನಗಬಾರದು ಅನ್ನುವುದೂ ಆ ಕಟ್ಟುನಿಟ್ಟಿನಲ್ಲೇ ಬರುತ್ತದೆ. ಇಂಥ ಪಾಠ ಕಂಡರೆ ನನಗೆ ಮನಸ್ಸು ತುಂಬುತ್ತದೆ. ಪೆನ್ಸಿಲ್ಲಿನ ಆ ಹುಡುಗನನ್ನು ಕಂಡು ಸಂಕಟವೂ ಆಯಿತು. ಎರಡೂ ಒಂದೇ ಶಾಲೆ.

ಮನೆಗೆ ಬಂದು ಕಂಪ್ಯೂಟರ್ ತೆಗೆದೆವು. ಇಲ್ಲಿನ ಶಿಕ್ಷಣ ಇಲಾಖೆ ಪ್ರತಿ ಶಾಲೆಯ ಲೆಕ್ಕವನ್ನೂ ಜನರ ಮುಂದೆ ಇಟ್ಟಿರುತ್ತದೆ. ಬೇರೆಲ್ಲ ಅಂಕಿ ಬಿಟ್ಟು ನಾನು ಮೊದಲು ನೋಡುವುದು ಯಾವ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಅನ್ನುವುದನ್ನು. "ನಮ್ಮ ಹನ್ನೆರಡನೇ ಕ್ಲಾಸಿನ ನೂರಕ್ಕೆ ನೂರು ಮಕ್ಕಳಿಗೆ ಕಾಲೇಜು ಸೀಟು" ಅಂತ ಬೋರ್ಡು ಹಾಕಿರುತ್ತಾರೆ. ಆದರೆ ಐದರಲ್ಲಿ 90 ಮಕ್ಕಳಿದ್ದು ಹನ್ನೆರಡರಲ್ಲಿ 40 ಇದ್ದರೆ, ಉಳಿದ ಐವತ್ತು ಮಕ್ಕಳು ಎಲ್ಲಿ ಹೋದರು? ಮೇಲಿನ ಕ್ಲಾಸುಗಳಲ್ಲಿ ಖಾಲಿಯಾದ ಸೀಟು ತುಂಬಲೇಬೇಕು ಅಂತ ಕಾನೂನಿಲ್ಲ. ಹೋದವರು ಹೋದರು, ಉಳಿದವರ ಅಂಕ ಬೋರ್ಡಿಗೆ ಬಂತು.

ಇಲ್ಲೊಂದು ಸೂಕ್ಷ್ಮ ಇದೆ. ಬಾಸ್ಟನ್ನಿನಲ್ಲಿ ಆರರಿಂದ ಏಳಕ್ಕೆ ಹೋಗುವಾಗ ಮಕ್ಕಳು ಕಮ್ಮಿಯಾದರೆ ಕೂಡಲೇ ಗಾಬರಿಯಾಗಬೇಡಿ. 1635ರಲ್ಲಿ ಶುರುವಾದ ಬಾಸ್ಟನ್ ಲ್ಯಾಟಿನ್ ಸ್ಕೂಲ್ ಅನ್ನುವ ಹೆಸರಾಂತ ಸರ್ಕಾರಿ ಶಾಲೆ ಏಳನೇ ಕ್ಲಾಸಿನಿಂದ ಮಕ್ಕಳನ್ನು ತೆಗೆದುಕೊಳ್ಳುತ್ತದೆ. ಚೆನ್ನಾಗಿ ಓದುವ ಎಷ್ಟೋ ಮಕ್ಕಳು ಆಗ ಅತ್ತ ಹೋಗುತ್ತಾರೆ. ಎಂಟು, ಒಂಬತ್ತರಲ್ಲಿ ಕಮ್ಮಿಯಾಗಿದ್ದರೆ ಮಾತ್ರ ಗಟ್ಟಿಯಾಗಿ ಕೇಳಬೇಕು. ಪಕ್ಕದಲ್ಲೇ ಸಸ್ಪೆನ್ಷನ್ ಲೆಕ್ಕವೂ ಇರುತ್ತದೆ, ಎರಡನ್ನೂ ಒಟ್ಟಿಗೆ ಓದಬೇಕು. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳಿಗೆ ಐಇಪಿ ಅಂತ ಬರೆದುಕೊಟ್ಟ ಯೋಜನೆ ಇರುತ್ತದೆ. ಅಂಥವರು ಎಷ್ಟು ಜನ ಸೇರಿದರು, ಎಷ್ಟು ಜನ ಉಳಿದರು ಅಂತ ಶಾಲೆಯವರನ್ನೇ ಕೇಳಿ. ಉತ್ತರ ಕೊಡುವಾಗ ಅವರ ಮುಖ ನೋಡಿ.

ಮೇಷ್ಟ್ರುಗಳ ವಿಷಯ ನನ್ನ ಸ್ವಂತ ನೋವು. ಚಾರ್ಟರ್ ಶಾಲೆಯಲ್ಲಿ ಪಾಠ ಮಾಡಲು ರಾಜ್ಯದ ಲೈಸೆನ್ಸ್ ಕಡ್ಡಾಯವಲ್ಲ, ಪರೀಕ್ಷೆ ಪಾಸಾದರೆ ಸಾಕು. ಚಿಕ್ಕ ವಯಸ್ಸಿನವರು ಉತ್ಸಾಹದಿಂದ ಬರುತ್ತಾರೆ, ಬೆಳಿಗ್ಗೆಯಿಂದ ಸಂಜೆವರೆಗೆ ದುಡಿದು ಎರಡು ಮೂರು ವರ್ಷಕ್ಕೆ ಸೋತು ಹೋಗುತ್ತಾರೆ. ನನ್ನ ಮಗ ಏಳರಲ್ಲಿದ್ದಾಗ ಒಂದೇ ವರ್ಷದಲ್ಲಿ ಮೂವರು ಗಣಿತದ ಮೇಡಂ ಬದಲಾದರು. ಮೂರನೆಯವರು ಬರುವ ಹೊತ್ತಿಗೆ ಅವನು ಕೇಳುವುದನ್ನೇ ಬಿಟ್ಟಿದ್ದ. ಹೋದ ವರ್ಷದ ಮೇಷ್ಟ್ರುಗಳಲ್ಲಿ ಎಷ್ಟು ಜನ ಉಳಿದಿದ್ದಾರೆ ಅನ್ನುವ ಅಂಕಿಯೂ ಅದೇ ಜಾಲತಾಣದಲ್ಲಿ ಇತ್ತು. ಆಗ ನನಗೆ ನೋಡಬೇಕು ಅಂತ ಗೊತ್ತಿರಲಿಲ್ಲ. ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಬಿಡುವ ಹೊತ್ತಿಗೆ ಶಾಲೆಯ ಮುಂದೆ ಹೋಗಿ ನಿಂತುಕೊಳ್ಳಿ ಅಂತಲೂ ಹೇಳುತ್ತೇನೆ. ಎಷ್ಟೋ ಚಾರ್ಟರ್ ಶಾಲೆ ಬಿಡುವುದು ನಾಲ್ಕಕ್ಕೆ. ಡಿಸೆಂಬರಿನಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತದೆ, ಮಗು ಮನೆ ಮುಟ್ಟುವಾಗ ಕತ್ತಲು. ಅಲ್ಲಿ ಮೊಮ್ಮಗನಿಗಾಗಿ ಕಾಯುತ್ತಿದ್ದ ಹೈಟಿ ಮೂಲದ ಅಜ್ಜಿಯೊಬ್ಬರು ನಮಗೆ ಹೇಳಿದ್ದು ಯಾವ ಜಾಲತಾಣದಲ್ಲೂ ಸಿಗಲಿಲ್ಲ. ಹುಡುಗ ಮನೆಗೆ ಬಂದು ಊಟ ಮಾಡಿ, ಹೋಂವರ್ಕ್ ಮುಗಿಸುವ ಮುಂಚೆಯೇ ನಿದ್ದೆ ಹೋಗುತ್ತಾನಂತೆ. ಆದರೂ ಬಿಡಿಸುವುದಿಲ್ಲ ಅಂದರು. ಸಂಜೆ ಫೋನ್ ಮಾಡಿದರೆ ಮೇಷ್ಟ್ರು ಎತ್ತುತ್ತಾರೆ, ಅದು ಅವರಿಗೆ ದೊಡ್ಡದು.

ಇನ್ನೊಂದು ಮಾತನ್ನೂ ಇವಳಿಗೆ ಮುಚ್ಚಿಡಲಿಲ್ಲ. ಮಗು ಚಾರ್ಟರಿಗೆ ಹೋದರೆ ಅದರ ಪಾಲಿನ ದುಡ್ಡೂ ಊರಿನ ಸರ್ಕಾರಿ ಶಾಲೆಯ ಲೆಕ್ಕದಿಂದ ಹಿಂದೆಯೇ ಹೋಗುತ್ತದೆ. ರಾಜ್ಯ ಒಂದಷ್ಟು ತುಂಬಿಕೊಡುತ್ತದೆ, ಪೂರ್ತಿ ಅಲ್ಲ. 2016ರಲ್ಲಿ ಇನ್ನಷ್ಟು ಚಾರ್ಟರ್ ಶಾಲೆ ತೆರೆಯಬಹುದೇ ಅಂತ ಜನರನ್ನೇ ಕೇಳಿದಾಗ ಶೇಕಡಾ 62 ಮಂದಿ ಬೇಡ ಅಂದರು. ನಮ್ಮ ಮಹಡಿಯಲ್ಲೇ ಇರುವ ಸರ್ಕಾರಿ ಶಾಲೆಯ ಮೇಡಂ ಆಗ ಬೇಡ ಅಂತಲೇ ಮತ ಹಾಕಿದ್ದರು. ನನ್ನ ಮಗನಿಗೆ ಭಿನ್ನರಾಶಿ ಹೇಳಿಕೊಟ್ಟವರೂ ಅವರೇ. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಅವರ ಶಾಲೆಗೂ ಒಂದು ಸಲ ಹೋಗಿ ಬಾ ಅಂತ ಇವಳಿಗೆ ಹೇಳಿದ್ದೇನೆ. ಲಾಟರಿಗೆ ಹೆಸರು ಕೊಟ್ಟರೂ ಸರ್ಕಾರಿ ಶಾಲೆಯ ನೋಂದಣಿ ಬಿಡಬಾರದು. ವೇಟಿಂಗ್ ಲಿಸ್ಟಿನಲ್ಲಿ ಎಲ್ಲೋ ಕೊನೆಗೆ ಹೆಸರು ಬಂದರೆ ಆಗ ಕೈಯಲ್ಲಿ ಏನೂ ಇರುವುದಿಲ್ಲ.

ಅವತ್ತು ಹಿಂದಿರುಗುವಾಗ ರೈಲಿನಲ್ಲಿ ಮಗಳು ಬಹಳ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ, "ಆಂಟಿ, ಪೆನ್ಸಿಲ್ ಬಿದ್ರೂ ಕೇಳಬೇಕಾ?" ಅಂದಳು. ಆ ಶಾಲೆಯಲ್ಲಿ ಹೌದು ಪುಟ್ಟಿ ಅಂದೆ. ಇನ್ನೆರಡು ಸ್ಟೇಷನ್ ಕಳೆದ ಮೇಲೆ, "ಆದರೆ ಆ ಲೆಕ್ಕ ನಂಗೆ ಇಷ್ಟ ಆಯ್ತು" ಅಂದಳು.

ಅವಳಮ್ಮ ಮೂರು ಶಾಲೆಗೆ ಅರ್ಜಿ ತುಂಬಿದ್ದಾಳೆ. ಮಾರ್ಚಿನಲ್ಲಿ ಲಾಟರಿ. ಈ ಗುರುವಾರ ಎರಡನೇ ಶಾಲೆಗೆ ಹೋಗುತ್ತಿದ್ದೇವೆ, ಮಕ್ಕಳ ಊಟದ ಹೊತ್ತಿಗೆ.