ಹಡಗಿನವರಿಗೆ ನಾವು ಕೊಟ್ಟ ಉದ್ರಿ

ಅತ್ತೆಯ ಕೈಚೀಲ ನಾಲ್ಕು ದಿನ ಮೊದಲೇ ತುಂಬಿ ಬಾಗಿಲ ಹತ್ತಿರ ಕೂತಿತ್ತು. ಅದರಲ್ಲಿ ಎರಡು ಸೀರೆ, ಬಿಪಿ ಮಾತ್ರೆ, ಒಂದು ಡಬ್ಬಿ ಉಪ್ಪಿನಕಾಯಿ. ಹಡಗಿನಲ್ಲಿ ಊಟ ಸೇರದಿದ್ದರೆ ಇರಲಿ ಎಂದು. 2025ರ ಮೇ 21, ಬುಧವಾರ ಮಧ್ಯಾಹ್ನ ನಮ್ಮವರ ಫೋನಿಗೆ ಮೇಲ್ ಬಂತು. ಶುಕ್ರವಾರ ಮುಂಬೈಯಿಂದ ಹೊರಟು ಗೋವಾ ಮುಟ್ಟಿ ಸೋಮವಾರ ವಾಪಸಾಗುವ ಯಾನ ಹವಾಮಾನದ ಕಾರಣ ರದ್ದು.

ಅತ್ತೆಗೆ ಬೇಸರಕ್ಕಿಂತ ಗೆದ್ದ ಖುಷಿಯೇ ಹೆಚ್ಚು. "ನಾನು ಆಗಲೇ ಹೇಳಲಿಲ್ವಾ? ಪತ್ತನಾಜೆ ಬಂತು ಮಾರಾಯ್ತಿ. ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಯಾರಾದ್ರೂ ಹಡಗು ಹತ್ತುವುದುಂಟಾ?"

ನಾನು ಧಾರವಾಡದವಳು. ನಮ್ಮ ಮನೆಯಲ್ಲಿ ಸಮುದ್ರ ಅಂದರೆ ಕ್ಯಾಲೆಂಡರಿನ ಮೇಲಿನ ಚಿತ್ರ. ಪತ್ತನಾಜೆ ಏನೆಂದು ಗೊತ್ತಾದದ್ದು ಮುಲ್ಕಿಯ ಮನೆತನಕ್ಕೆ ಸೊಸೆಯಾಗಿ ಮುಂಬೈ ಪಕ್ಕದ ಡೊಂಬಿವಿಲಿಗೆ ಬಂದ ಮೇಲೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಹೆಚ್ಚುಕಡಿಮೆ ಮೇ 24. ಅಲ್ಲಿಗೆ ಯಕ್ಷಗಾನದ ಆಟ, ಭೂತಗಳ ಕೋಲ ಎಲ್ಲ ಮುಗಿದು ಊರು ಮಳೆಗೆ ತಯಾರಾಗುತ್ತದೆ. ಅತ್ತೆಯ ಅಪ್ಪ ಹುಡುಗನಾಗಿದ್ದಾಗ ಮಂಗಳೂರಿನ ಕಡೆಯಿಂದ ಸ್ಟೀಮರಿನಲ್ಲಿ ಮುಂಬೈಗೆ ಬಂದು ಕೋಟೆ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದವರು. ಮಳೆಗಾಲ ಬಂತೆಂದರೆ ಸ್ಟೀಮರ್ ಬಂದ್, ಊರಿನ ದಾರಿಯೂ ಬಂದ್. ಆ ಕಥೆಗಳನ್ನು ಕೇಳುತ್ತಾ ಬೆಳೆದ ಅತ್ತೆ ಮಾತ್ರ 82 ವರ್ಷವಾದರೂ ಒಮ್ಮೆಯೂ ಹಡಗು ಹತ್ತಿರಲಿಲ್ಲ. ಅದಕ್ಕೇ ಈ ಏರ್ಪಾಡು. ಮೇ ಕೊನೆಯಲ್ಲಿ ಟಿಕೆಟ್ ಯಾಕೆ ಸೋವಿ ಇತ್ತು ಎಂದು ಆಗ ನಮ್ಮ ತಲೆಗೆ ಹೊಳೆಯಲಿಲ್ಲ.

ರದ್ದು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಕೊಂಕಣದ ಎದುರಿಗೆ ಎದ್ದಿದ್ದ ವಾಯುಭಾರ ಕುಸಿತ ಮೇ 24ರಂದು ರತ್ನಾಗಿರಿ, ದಾಪೋಲಿ ನಡುವೆ ದಡ ಸೇರಿತು. ನಾವು ವಾಪಸಾಗಬೇಕಿದ್ದ 26ರ ಸೋಮವಾರ ಮುಂಬೈಗೆ ಮುಂಗಾರು ಬಂದೇಬಿಟ್ಟಿತು, ವಾಡಿಕೆಯ ಜೂನ್ 11ಕ್ಕೆ ಹದಿನಾರು ದಿನ ಮೊದಲೇ. ಹೊಸ ಮೆಟ್ರೋದ ನೆಲದಡಿಯ ಸ್ಟೇಷನ್ನಿಗೇ ನೀರು ನುಗ್ಗಿತ್ತು. ಟಿವಿಯಲ್ಲಿ ಅದನ್ನು ನೋಡುತ್ತಾ ಅತ್ತೆ ಹಡಗಿಗೆಂದು ಕಟ್ಟಿಟ್ಟಿದ್ದ ಉಪ್ಪಿನಕಾಯಿಯಲ್ಲಿ ಗಂಜಿ ಉಂಡರು.

ತಕರಾರು ಇರುವುದು ಫೋನಿಗೆ ಬಂದ ಆ ಇ-ಮೇಲ್ ಬಗ್ಗೆ. ಅದರಲ್ಲಿ ಅಂಗೈಯಗಲದ ನೀಲಿ ಬಟನ್: "110% ಕ್ರೂಸ್ ಕ್ರೆಡಿಟ್ ಪಡೆಯಿರಿ". ಅಂದರೆ ನಗದಲ್ಲ, ಮುಂದಿನ ಯಾನಕ್ಕೆ ಮಾತ್ರ ನಡೆಯುವ ಜಮೆ. ಅದರ ಕೆಳಗೆ, ಮತ್ತೂ ಕೆಳಗೆ, ಬೂದು ಬಣ್ಣದ ಇರುವೆ ಅಕ್ಷರಗಳಲ್ಲಿ, ಬೇಕಿದ್ದರೆ ಪೂರ್ತಿ ಹಣ ವಾಪಸ್ ಕೇಳಬಹುದು ಎಂಬ ಒಂದು ಸಾಲು. ಹದಿನಾಲ್ಕು ದಿನದೊಳಗೆ ಏನೂ ಹೇಳದಿದ್ದರೆ ಕ್ರೆಡಿಟ್ ಒಪ್ಪಿದಂತೆ. ನಾನು ಚಹಾಕ್ಕೆ ನೀರಿಟ್ಟು ಬರುವಷ್ಟರಲ್ಲಿ ನಮ್ಮವರು ನೀಲಿ ಬಟನ್ ಒತ್ತಿಯಾಗಿತ್ತು. "ಹತ್ತು ಪರ್ಸೆಂಟ್ ಜಾಸ್ತಿ ಕೊಡ್ತಾರಂತೆ, ಏಜೆಂಟನೂ ಅದೇ ತಗೊಳ್ಳಿ ಅಂದ" ಎಂದರು. ಪುಣ್ಯಕ್ಕೆ ಬುಕಿಂಗ್ ಎರಡಿದ್ದವು. ಅವರು ಒತ್ತಿದ್ದು ಅತ್ತೆ ಮತ್ತು ನನ್ನ ಕ್ಯಾಬಿನ್ನಿಗೆ. ಅವರದು ಮತ್ತು ಬೆಂಗಳೂರಿನಿಂದ ಬರಬೇಕಿದ್ದ ಮಗಳ ಕ್ಯಾಬಿನ್ ಮಗಳ ಮೇಲ್ ಐಡಿಯಲ್ಲಿತ್ತು. ಅದನ್ನು ಮುಟ್ಟಬೇಡ ಎಂದು ಅವಳಿಗೆ ಆಗಲೇ ಫೋನ್ ಮಾಡಿದೆ.

ಧಾರವಾಡದಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ತಕ್ಕಡಿಯ ಹಿಂದೆ ಬೋರ್ಡು: ಇಂದು ನಗದು, ನಾಳೆ ಉದ್ರಿ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದರೂ ಸಾಲವೆಂದರೆ ನನಗೆ ಮೊದಲು ನೆನಪಾಗುವುದು ಆ ಬೋರ್ಡೇ. ಕ್ರೆಡಿಟ್ ಎಂದು ಅವರು ಕರೆದದ್ದು ಉದ್ರಿಯೇ, ಆದರೆ ತಿರುವುಮುರುವು. ಉದ್ರಿ ಕೊಟ್ಟವರು ನಾವು, ತಗೊಂಡವರು ಹಡಗಿನವರು. ಎಫ್‌ಡಿ ಇಟ್ಟರೆ ಅವಧಿ ಮುಗಿದ ದಿನ ದುಡ್ಡು ಕೈಗೆ ಬರುತ್ತದೆ. ಇದರ ಅವಧಿ ಮುಗಿದ ದಿನ ಅಸಲೂ ಹೋಗುತ್ತದೆ.

ನನ್ನ ಈ ಸಂಶಯಕ್ಕೆ ಹಿನ್ನೆಲೆ ಉಂಟು. ಲಾಕ್‌ಡೌನಿನಲ್ಲಿ ವಿಮಾನಗಳು ನಿಂತಾಗ ನಮ್ಮ ಶಾಖೆಯ ಅರ್ಧ ಜನರ ಟಿಕೆಟ್ ಹಣ ಕ್ರೆಡಿಟ್ ಶೆಲ್‌ನಲ್ಲಿ, ಅಂದರೆ ಮುಂದಿನ ಟಿಕೆಟಿಗೆಂದು ಕಂಪನಿಯೇ ಇಟ್ಟುಕೊಂಡ ಜಮೆಯಲ್ಲಿ, ಸಿಕ್ಕಿಕೊಂಡಿತ್ತು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಆ ಬಗ್ಗೆ ಆದೇಶ ಕೊಟ್ಟಿತು. ಕ್ರೆಡಿಟ್ ಇಟ್ಟುಕೊಂಡರೆ 2020ರ ಜೂನ್ 30ರವರೆಗೆ ತಿಂಗಳಿಗೆ ಅರ್ಧ ಪರ್ಸೆಂಟ್, ಆಮೇಲೆ 2021ರ ಮಾರ್ಚ್ 31ರವರೆಗೆ ತಿಂಗಳಿಗೆ ಮುಕ್ಕಾಲು ಪರ್ಸೆಂಟ್ ಸೇರಿಸಬೇಕು, ಅದನ್ನು ಬೇರೆಯವರ ಹೆಸರಿಗೆ ಕೊಡಲೂ ಬರಬೇಕು, ಬಳಸದೆ ಉಳಿದರೆ ಹಣ ವಾಪಸ್ ಮಾಡಬೇಕು. ಊಟದ ಡಬ್ಬಿ ಬಿಚ್ಚಿಕೊಂಡು ಅದನ್ನು ಓದಿದಾಗ ನಮಗೆಲ್ಲ ಅನಿಸಿದ್ದು ಒಂದೇ: ಬಡ್ಡಿ ಕಟ್ಟು ಅಂದರೆ ಅದು ಠೇವಣಿ ಎಂದು ಕೋರ್ಟೇ ಒಪ್ಪಿದ ಹಾಗೆ. ಈಗಲೂ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದಂತೆ ವಿಮಾನದ ಹಣವನ್ನು ಕ್ರೆಡಿಟ್‌ನಲ್ಲಿ ಇಡುವುದೋ ಬೇಡವೋ ಎನ್ನುವುದು ಪ್ರಯಾಣಿಕರ ಇಷ್ಟ, ಕಂಪನಿ ತಾನಾಗಿ ಇಟ್ಟುಕೊಳ್ಳುವಂತಿಲ್ಲ. ಆದರೆ ಡಿಜಿಸಿಎ ಮಾತು ಸಮುದ್ರದಲ್ಲಿ ನಡೆಯುವುದಿಲ್ಲವಲ್ಲ. ಹಡಗಿಗೆ ನೀಲಿ ಬಟನ್ನು.

ರಾತ್ರಿ ನೋಟ್‌ಬುಕ್ ತೆಗೆದು ಕೂತೆ. ಒಂದು ಕ್ಯಾಬಿನ್ನಿಗೆ ಕಟ್ಟಿದ್ದು 55,600. ಅದರಲ್ಲಿ ಮೂಲ ದರ 42,000. ಬಂದರು ಶುಲ್ಕ, ಸೇವಾ ಶುಲ್ಕ, ತೆರಿಗೆ ಸೇರಿ 13,600. ಏಜೆಂಟನ 1,500 ಬೇರೆ, ಅದು ಅವನ ದುಡಿಮೆ, ಬಿಟ್ಟೆ. ಮೇಲ್‌ನಲ್ಲಿ ನಮಗೆ ಬಂದ ಕ್ರೆಡಿಟ್ 46,200. ಅಂದರೆ 110 ಪರ್ಸೆಂಟ್ ಲೆಕ್ಕ ಹಾಕಿದ್ದು ಮೂಲ ದರದ ಮೇಲೆ ಮಾತ್ರ. ಹಾಗಾದರೆ 13,600 ಎಲ್ಲಿ? ನಮ್ಮವರು ಕನ್ನಡಕ ಹಾಕಿಕೊಂಡು ಮೂರು ಸಲ ಮೇಲ್ ಓದಿದರು. ಷರತ್ತುಗಳ ಹತ್ತೊಂಬತ್ತನೇ ಸಾಲಿನಲ್ಲಿತ್ತು: ಶುಲ್ಕ ಮತ್ತು ತೆರಿಗೆ ಬುಕಿಂಗ್ ಮಾಡಿದ ಖಾತೆಗೆ ನಗದಾಗಿ ವಾಪಸ್. ಬುಕಿಂಗ್ ಮಾಡಿದ ಖಾತೆ ಯಾರದು? ಏಜೆಂಟನದು.

ಇದು ನನಗೂ ಹೊಸದು. ನಾವು ದುಡ್ಡು ಕೊಟ್ಟದ್ದು ಏಜೆಂಟನಿಗೆ, ಅವನು ಹಡಗಿನವರಿಗೆ ಕೊಟ್ಟದ್ದು ತನ್ನ ವ್ಯಾಲೆಟ್ಟಿನಿಂದ. ಆದ್ದರಿಂದ ವಾಪಸ್ ಬರುವುದೂ ಅವನ ವ್ಯಾಲೆಟ್ಟಿಗೇ. ಮಗಳು ಬೂದು ಸಾಲು ಒತ್ತಿ ಕೇಳಿದ್ದ 55,600 ಮತ್ತು ನಮ್ಮ 13,600, ಒಟ್ಟು 69,200 ಅಲ್ಲಿ ಹೋಗಿ ಕೂರಬೇಕು.

ಜೂನ್ ಇಡೀ ಅವನ ಮಾತು ಒಂದೇ: "ಮ್ಯಾಡಮ್, ಕಂಪನಿಯಿಂದ ಇನ್ನೂ ಬಂದಿಲ್ಲ." ಕಂಪನಿಗೆ ಬರೆದರೆ, ಜೂನ್ 12ಕ್ಕೇ ಕೊಟ್ಟಾಯಿತು ಎಂಬ ಉತ್ತರ. ಆ ಉತ್ತರದ ಪ್ರಿಂಟ್ ತೆಗೆದುಕೊಂಡು ಸ್ಟೇಷನ್ ಪೂರ್ವಕ್ಕೆ ಅವನ ಅಂಗಡಿಗೆ ನಡೆದೆ. ಕೆಳಗಡೆ ಜೆರಾಕ್ಸ್, ಮಾಳಿಗೆಯಲ್ಲಿ ಇವನು, ಗೋಡೆ ತುಂಬ ಕಾಶ್ಮೀರ. ಪ್ರಿಂಟ್ ನೋಡಿದ ಮೇಲೆ ಮಾತು ಬದಲಾಯಿತು. "ಹೋ, ಅದಾ? ನಾನು ರಿಫಂಡ್ ಹಾಕಿ ಆಗಿದೆ, ಬ್ಯಾಂಕಿನವರದೇ ಲೇಟು, ಏಳೆಂಟು ದಿನ ನೋಡಿ."

ಬ್ಯಾಂಕಿನವರ ಲೇಟನ್ನು ಬ್ಯಾಂಕಿನವಳಿಗೇ ಹೇಳಬಾರದು. "ಹಾಗಾದರೆ ಎಆರ್‌ಎನ್ ಕೊಡಿ" ಎಂದೆ. ಕಾರ್ಡಿಗೆ ಹಣ ವಾಪಸ್ ಹಾಕಿದರೆ 23 ಅಂಕಿಗಳ ಒಂದು ಗುರುತಿನ ಸಂಖ್ಯೆ ಹುಟ್ಟುತ್ತದೆ. ಅದನ್ನು ಕೊಟ್ಟರೆ ಕಾರ್ಡ್ ಕೊಟ್ಟ ಬ್ಯಾಂಕ್ ದುಡ್ಡು ಎಲ್ಲಿದೆ ಎಂದು ಹುಡುಕಿ ಹೇಳಬಲ್ಲದು. ಖಾತೆಯಿಂದ ಖಾತೆಗೆ ನೆಫ್ಟ್ ಆದರೆ ಯುಟಿಆರ್ ಎಂಬ ಅಂಥದೇ ನಂಬರ್. ದುಡ್ಡು ಹೊರಟಿದ್ದರೆ ನಂಬರ್ ಇರಲೇಬೇಕು, ನಂಬರ್ ಇಲ್ಲ ಎಂದರೆ ದುಡ್ಡು ಇನ್ನೂ ಜೇಬಿನಲ್ಲೇ ಇದೆ. ಅವನು ಸಿಸ್ಟಮ್ ಡೌನ್ ಅಂದ.

ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡವೂ ಸೇರಿ 17 ಭಾಷೆಗಳಲ್ಲಿ ಉಂಟು. ಡೊಂಬಿವಿಲಿಯ ಮಾಳಿಗೆಯಲ್ಲಿ ನಾನು ಕನ್ನಡದಲ್ಲಿ ದೂರು ಹೇಳುತ್ತಿದ್ದರೆ ಆ ಹುಡುಗನಿಗೆ ಅರ್ಥವಾಗುತ್ತಿದ್ದದ್ದು ತನ್ನ ಅಂಗಡಿಯ ಹೆಸರು ಮತ್ತು 69,200 ಮಾತ್ರ. ಅಷ್ಟೇ ಸಾಕಾಯಿತು ಅಂತ ಕಾಣುತ್ತದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವಳೇ ಇದ್ದೆ. 2019ರ ಕಾಯ್ದೆಯ ಪ್ರಕಾರ ನಾವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಾಲ್ಕನೇ ದಿನ ವಾಟ್ಸಾಪಿನಲ್ಲಿ 23 ಅಂಕಿ ಬಂದವು. 13,600 ನಮ್ಮವರ ಖಾತೆಗೆ ಅದೇ ಸಂಜೆ ಬಿತ್ತು.

ಮಗಳ ಕಡೆ ಇನ್ನೊಂದು ಗಂಟು. ಅವಳು ಆ ಖರ್ಚನ್ನು ನನಗೆ ಹೇಳದೆ ಕಾರ್ಡಿನಲ್ಲಿ ಆರು ತಿಂಗಳ ಇಎಂಐ ಮಾಡಿಸಿದ್ದಳು. ರಿಫಂಡ್ ಬಂದರೂ ಇಎಂಐ ತನ್ನಷ್ಟಕ್ಕೆ ನಡೆಯುತ್ತಲೇ ಇತ್ತು. ಫೋನ್ ಮಾಡಿ ನಿಲ್ಲಿಸಿ ಎನ್ನುವವರೆಗೆ ಅದು ನಿಲ್ಲುವುದಿಲ್ಲ. ಅಷ್ಟರಲ್ಲಿ ಕಟ್ಟಿದ ಬಡ್ಡಿ, ಬಡ್ಡಿಯ ಮೇಲಿನ 18% ಜಿಎಸ್‌ಟಿ ಹೋದದ್ದು ಹೋಯಿತು. ಬೆಂಗಳೂರಿನಿಂದ ಬರುವ ವಿಮಾನದ ಟಿಕೆಟನ್ನು ರದ್ದು ಮಾಡಿದವಳು ಅವಳೇ ಆದ್ದರಿಂದ ಮೂಲ ದರ ಸಿಗಲಿಲ್ಲ, ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ಮಾತ್ರ ಬಂತು. ಅದಾದರೂ ನಿಯಮದಂತೆ ಕೊಡಲೇಬೇಕಾದದ್ದು, ಕೇಳಿ ತಗೋ ಎಂದಿದ್ದೆ.

ಉಳಿದದ್ದು 46,200ರ ಉದ್ರಿ. ಅದೂ ಒಟ್ಟಿಗಿಲ್ಲ. ನನ್ನ ಹೆಸರಿನಲ್ಲಿ 23,100, ಅತ್ತೆಯ ಹೆಸರಿನಲ್ಲಿ 23,100. ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಅವಧಿ 2026ರ ಮೇ 22, ಅಷ್ಟರೊಳಗೆ ಬುಕ್ ಮಾಡಿದರೆ ಸಾಲದು, ಹೋಗಿ ಬಂದಿರಬೇಕು. ಇದನ್ನು ಅತ್ತೆಗೆ ವಿವರಿಸಿ ಹೇಳಿದೆ. ಅವರು ಬಸಳೆ ಸೊಪ್ಪು ಬಿಡಿಸುತ್ತಾ, "ಅದರ ವ್ಯಾಲಿಡಿಟಿ ಬರೆದುಕೊಂಡಿಯಲ್ಲ, ನನ್ನ ವ್ಯಾಲಿಡಿಟಿ ಯಾರು ನೋಡಿದ್ದು?" ಎಂದರು. ನಮ್ಮವರು ಎದ್ದು ಬಾಲ್ಕನಿಗೆ ಹೋದರು. ಆ ನೀಲಿ ಬಟನ್ನಿನ ಬಗ್ಗೆ ಅದಾದ ಮೇಲೆ ನಾನು ಅವರಿಗೆ ಏನೂ ಅನ್ನಲಿಲ್ಲ.

ಅಕ್ಟೋಬರಿನಲ್ಲಿ ದರ ನೋಡಿದರೆ ಅದೇ ಗೋವಾ ಯಾನದ ಅದೇ ಕ್ಯಾಬಿನ್ ಡಿಸೆಂಬರಿಗೆ 58,500. ಹತ್ತು ಪರ್ಸೆಂಟಿನ 4,200 ಎಲ್ಲಿಗೆ ಹೋಯಿತು ಎಂದು ಕೇಳುವುದೇ ಬೇಡ. ಆಫರ್ ದರಕ್ಕೆ ಕ್ರೆಡಿಟ್ ನಡೆಯುವುದಿಲ್ಲ, ಹೊಸ ವರ್ಷದ ವಾರಕ್ಕಂತೂ ಇಲ್ಲವೇ ಇಲ್ಲ. ಕೊನೆಗೆ ಸಿಕ್ಕಿದ್ದು ಜನವರಿ ಮಧ್ಯದ, ವಾರದ ನಡುವಿನ ಎರಡು ರಾತ್ರಿಯ ಯಾನ. ಗೋವಾ ಇಲ್ಲ, ಸಮುದ್ರದಲ್ಲೇ ಸುತ್ತಿ ಮುಂಬೈಗೆ ವಾಪಸ್. ಒಳಗಿನ ಕ್ಯಾಬಿನ್ ಇಬ್ಬರಿಗೆ 36,000. ಉಳಿಯುವ 10,200 ಹಡಗಿನಲ್ಲಿ ಖರ್ಚು ಮಾಡಬಹುದೇ ಎಂದರೆ ಇಲ್ಲ, ವಾಪಸ್ ಕೊಡುತ್ತೀರಾ ಎಂದರೆ ಇಲ್ಲ. ಕ್ಯಾಬಿನ್ ಮೇಲ್ದರ್ಜೆಗೆ ಏರಿಸಬಹುದೇ ಎಂದೆ. ಫೋನಿನಲ್ಲಿದ್ದ ಹುಡುಗಿ ಸ್ವಲ್ಪ ಹೊತ್ತು ಹಾಡು ಕೇಳಿಸಿ ಹೂಂ ಅಂದಳು. ಕಿಟಕಿ ಇರುವ ಕ್ಯಾಬಿನ್ 45,000. ಶುಲ್ಕ, ತೆರಿಗೆ 11,300 ಹೊಸದಾಗಿ ಕೈಯಿಂದ. ಈ ಸಲ ಏಜೆಂಟನಿಲ್ಲದೆ ನಾನೇ ಕಟ್ಟಿದೆ.

ಹೀಗೆ ನಾಲ್ವರು ಹೋಗಬೇಕಿದ್ದ ಹಡಗಿಗೆ ಅತ್ತೆ ಸೊಸೆ ಇಬ್ಬರೇ ಹೊರಟೆವು. ನಮ್ಮವರು ಸಿಎಸ್‌ಎಂಟಿ ಸ್ಟೇಷನ್ನಿನಿಂದ ಟ್ಯಾಕ್ಸಿಯಲ್ಲಿ ಬ್ಯಾಲಾರ್ಡ್ ಪಿಯರ್ ಹಡಗುಕಟ್ಟೆಯವರೆಗೆ ಬಂದು, ಗೇಟಿನಲ್ಲಿ ಕೈಚೀಲ ಕೊಟ್ಟು, ಮಗುವನ್ನು ಶಾಲೆಗೆ ಬಿಟ್ಟವರ ಹಾಗೆ ನಿಂತಿದ್ದರು. ಸಂಜೆ ಹಡಗು ಬಂದರು ಬಿಟ್ಟಿತು. ಗೇಟ್‌ವೇ ಸಣ್ಣದಾಯಿತು, ಕೊಲಾಬಾದ ತುದಿಯಾಚೆ ಪ್ರಾಂಗ್ಸ್ ದೀಪಸ್ತಂಭದ ಬೆಳಕು ಸುತ್ತತೊಡಗಿತು. ಮೇಲೆ ಡೆಕ್ಕಿನಲ್ಲಿ ಡಿಜೆ. ಅತ್ತೆ ಅತ್ತ ಹೋಗಲೇ ಇಲ್ಲ. ಕಿಟಕಿಯ ಪಕ್ಕ ಕಾಲು ಮಡಚಿ ಕೂತು ದಕ್ಷಿಣಕ್ಕೆ ನೋಡುತ್ತಿದ್ದರು. "ಅಪ್ಪ ಹೇಳಿದ ಹಾಗೆ ವಾಸನೆಯೇ ಇಲ್ಲ" ಎಂದರು. ಹೊಗೆ, ಒಣಮೀನು, ವಾಂತಿ, ಸ್ಟೀಮರಿನಲ್ಲಿ ಇವೆಲ್ಲ ಇದ್ದವಂತೆ. ಇಲ್ಲಿ ಏಸಿ, ಲಿಂಬೆ ಪರಿಮಳದ ಸ್ಪ್ರೇ. ಸ್ವಲ್ಪ ನಿರಾಸೆಯಾದ ಹಾಗಿತ್ತು.

ಮೊನ್ನೆ ಮತ್ತೆ ಮೇಲ್ ಬಂತು. ನಿಮ್ಮ ಖಾತೆಯಲ್ಲಿ 1,200 ರೂಪಾಯಿ ಕ್ರೆಡಿಟ್ ಉಳಿದಿದೆ, ಮೇ 22ರೊಳಗೆ ಬಳಸಿ. ಬಟನ್ ಈ ಸಲವೂ ನೀಲಿ. ಅತ್ತೆಗೆ ಓದಿ ಹೇಳಿದೆ.

"ಪತ್ತನಾಜೆಗೆ ಎರಡು ದಿನ ಮೊದಲಾ?" ಎಂದರು. "ಈ ಸಲ ಅವರಿಗೂ ಗೊತ್ತಾಗಿದೆ."