ರಾತ್ರಿ ಹುಟ್ಟಿದ ಕೂಸುಗಳು

ಯಾದಗಿರಿ ಜಿಲ್ಲೆಯಲ್ಲಿ ನಾನು ಸ್ಟಾಫ್ ನರ್ಸ್. ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಒಂದು ದಿನ ಹೆರಿಗೆ ರಿಜಿಸ್ಟರ್ ತಿರುವಿ ಹಾಕುತ್ತಿದ್ದೆ. ಲಿವರ್‌ಗೆ ತಗುಲುವ ಹೆಪಟೈಟಿಸ್ ಬಿ ವೈರಸ್ ತಡೆಯುವ ಲಸಿಕೆಯ ಕಾಲಂ ಎಷ್ಟೋ ಕಡೆ ಖಾಲಿ ಇತ್ತು. ಪಕ್ಕದಲ್ಲಿ ಹುಟ್ಟಿದ ಹೊತ್ತು ನೋಡಿದೆ. ಹೆಚ್ಚಿನವು ರಾತ್ರಿ ಹುಟ್ಟಿದ ಕೂಸುಗಳು. ಉಳಿದವು ಭಾನುವಾರದವು.

"ತಾಂಡಾದ ಜನ ಸೂಜಿ ಬೇಡ ಅಂತಾರೆ" ಅಂತ ನಾವು ಮಾತಾಡಿಕೊಳ್ಳುತ್ತಿದ್ದೆವು. ನಿಜವಾಗಿ ಅವರನ್ನು ಕೇಳಿಯೇ ಇರಲಿಲ್ಲ. ಲಸಿಕೆಯ ಫ್ರಿಜ್ ಇದ್ದ ಕೋಣೆಗೆ ಸಂಜೆಯೇ ಬೀಗ ಬೀಳುತ್ತಿತ್ತು. ಬೆಳಗ್ಗೆ ಬೀಗ ತೆಗೆದರೂ ಇನ್ನೊಂದು ಚಿಂತೆ. ಒಂದು ಬಾಟಲಿಯಲ್ಲಿ 10 ಡೋಸ್, ಎದುರಿಗಿರುವುದು ಒಂದೇ ಕೂಸು. ಉಳಿದ 9 ದಂಡ ಆಗುತ್ತವೆ ಅಂತ ಇನ್ನೂ ಎರಡು ಹೆರಿಗೆ ಆಗಲಿ ಎಂದು ಕಾಯುತ್ತಿದ್ದೆವು. ನಾನೂ ಹಾಗೆ ಕಾಯಿಸಿದ್ದೇನೆ. ಊರಲ್ಲೇ ಮನೆ ಇದ್ದವರು ಮರುದಿನ ಬಂದು ಹಾಕಿಸಿಕೊಂಡರು. ದೂರದ ತಾಂಡಾದವರು, ಸ್ವಲ್ಪ ದಿನಕ್ಕೇ ಗುಳೆ ಹೋಗುವವರು ಬರಲಿಲ್ಲ.

ಇದು 24 ಗಂಟೆಯೊಳಗೆ ಬೀಳಬೇಕಾದ ಸೂಜಿ. ತಾಯಿಗೆ ವೈರಸ್ ಇದ್ದರೆ ಹೆರಿಗೆ ಹೊತ್ತಿನಲ್ಲೇ ಕೂಸಿಗೆ ದಾಟಬಹುದು. ದೊಡ್ಡವರಿಗೆ ತಗುಲಿದರೆ 100ರಲ್ಲಿ 95 ಮಂದಿಗಿಂತ ಜಾಸ್ತಿ ಜನರ ಮೈ ತಾನೇ ಅದನ್ನು ಹೊರಹಾಕುತ್ತದೆ. ಹುಟ್ಟುವಾಗ ತಗುಲಿದರೆ 100ರಲ್ಲಿ ಸುಮಾರು 90 ಕೂಸುಗಳಲ್ಲಿ ಉಳಿದುಬಿಡುತ್ತದೆ. ಮುಂದೆ ಇದರಿಂದ ಲಿವರ್ ಗಟ್ಟಿಯಾಗಬಹುದು, ಲಿವರ್ ಕ್ಯಾನ್ಸರ್ ಬರಬಹುದು. ಆರನೇ ವಾರದ ಪೆಂಟಾವಲೆಂಟ್‌ನಲ್ಲೂ, ಅಂದರೆ ಐದು ರೋಗಕ್ಕೆ ಒಂದೇ ಸೂಜಿಯಲ್ಲಿ ಕೊಡುವ ಲಸಿಕೆಯಲ್ಲೂ, ಇದು ಇದೆ. ಆದರೆ ಹೆರಿಗೆಯಲ್ಲಿ ದಾಟಿದ ವೈರಸ್ ಅಷ್ಟು ದಿನ ಸುಮ್ನೆ ಕೂರುತ್ತದಾ?

ಡಾಕ್ಟರ್ ಮೇಡಂ ಹತ್ತಿರ ರಿಜಿಸ್ಟರ್ ಒಯ್ದೆ. ಅವರು ನಿಯಮ ತೆಗೆದು ತೋರಿಸಿದರು. ತೆರೆದ ಬಾಟಲಿಯ ಮೇಲೆ ತಾರೀಖು, ಹೊತ್ತು ಬರೆದು, ತಂಪು ಸರಿಯಾಗಿ ಕಾಯ್ದರೆ ಹೆಪಟೈಟಿಸ್ ಬಿ ಲಸಿಕೆಯನ್ನು 28 ದಿನ ಬಳಸಬಹುದು. ನಾಲ್ಕು ಗಂಟೆಯಲ್ಲಿ ಎಸೆಯಬೇಕಾದದ್ದು ಬಿಸಿಜಿ, ಅಂದರೆ ಕ್ಷಯದ ಲಸಿಕೆ. ನಾವು ಎರಡನ್ನೂ ಒಂದೇ ಅಂದುಕೊಂಡಿದ್ದೆವು. ಎಷ್ಟು ಕೂಸುಗಳು ಹಾಗೇ ಮನೆಗೆ ಹೋದವೋ ಎಂದು ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಫ್ರಿಜ್ ಕೋಣೆಯ ಇನ್ನೊಂದು ಕೀಲಿ ಹೆರಿಗೆ ವಾರ್ಡಿನಲ್ಲೇ ಇಟ್ಟೆವು. ಈಗಿರುವ ಆಸ್ಪತ್ರೆಗೆ ಬಂದ ಮೊದಲ ದಿನವೂ ನಾನು ಕೇಳಿದ್ದು ಆ ಕೀಲಿಯನ್ನೇ.

ಮೊನ್ನೆ ರಾತ್ರಿ ಎರಡರ ಸುಮಾರಿಗೆ ಒಂದು ಹೆರಿಗೆ. "ಯಾಕ್ರೀ ಸಿಸ್ಟರ್, ಎಳೀ ಕೂಸಿಗಿ ಈಗೇ ಸೂಜಿ?" ಅಂದರು ಅಜ್ಜಿ. ಪಕ್ಕದಲ್ಲಿ ಕುಳಿತು ಹೇಳಿದೆ. ಐದು ನಿಮಿಷ ಹಿಡಿಯಿತು. ಆಮೇಲೆ ಕೂಸಿನ ತೊಡೆಯನ್ನು ಮೆಲ್ಲಗೆ ಹಿಡಿದುಕೊಂಡವರು ಅವರೇ.