ಪಿಕಪ್‌ಗೆ ಯಾವ ಪೆಟ್ರೋಲ್?

ಕಾಫಿ ಕೊಯ್ಲು ಶುರುವಾದರೆ ನಮ್ಮ ಪೆಟ್ರೋಲ್ ಪಿಕಪ್‌ಗೆ ಬಿಡುವಿಲ್ಲ. ಬಂಕಿನಲ್ಲಿ ಪ್ರತಿ ಸಲ ಅದೇ ಪ್ರಶ್ನೆ: "ಅಣ್ಣಾ, ಸಾದಾನಾ, ಪ್ರೀಮಿಯಮ್ಮಾ?" ನಾನು ಸಾದಾನೇ ಹಾಕಿಸುತ್ತೇನೆ.

ಪ್ರೀಮಿಯಮ್ ಪೆಟ್ರೋಲಿಗೆ ಸಾಮಾನ್ಯವಾಗಿ ಆಕ್ಟೇನ್ ಅನ್ನುವ ಅಂಕಿ ಜಾಸ್ತಿ. ಅದು ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಒತ್ತಡಕ್ಕೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಆ ಅಂಕಿ. 2020ರ ಡಿಸೆಂಬರ್‌ನಲ್ಲಿ ನಮ್ಮ ದೇಶಕ್ಕೆ ಬಂದ 100 ಆಕ್ಟೇನ್ ಪೆಟ್ರೋಲ್ ದುಬಾರಿ ಕಾರು, ಬೈಕುಗಳ ಎಂಜಿನ್‌ಗೆ ಸರಿ. ಮೂಟೆ ಹೊರುವ ಗಾಡಿಗೆ ಮ್ಯಾನುಯಲ್‌ನಲ್ಲಿ ಬರೆದಿದ್ದೇ ಸಾಕು.

ಲೋಡ್ ಹಾಕಿಕೊಂಡು ಸಂಪಾಜೆ ಘಾಟಿ ಹತ್ತುವಾಗ ಎಂಜಿನ್ ಟಕಟಕ ಅಂದರೆ ಪೆಟ್ರೋಲ್ ಹಾಗೆ ತಾನಾಗಿ ಹೊತ್ತಿಕೊಳ್ಳುತ್ತಿರಬಹುದು, ಪ್ರೀಮಿಯಮ್ ಬಗ್ಗೆ ಯೋಚಿಸಬೇಕು. ಆಗಲೂ ಮೊದಲು ಗೇರ್ ಇಳಿಸಿ ನೋಡಿ. ಮಡಿಕೇರಿ ಎತ್ತರದಲ್ಲಿ ಗಾಳಿ ತೆಳು, ಟರ್ಬೋ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್‌ಗೆ ಆ ಕಾಟ ಇನ್ನೂ ಕಡಿಮೆ. ಉಳಿದ ದುಡ್ಡನ್ನು ಟೈರ್‌ಗೆ ಹಾಕೋಣ, ಅಲ್ವಾ? ಈ ತಿರುವುಗಳಲ್ಲಿ ನನಗೆ ಅದರದ್ದೇ ಚಿಂತೆ.